ಚಿಕ್ಕಮ್ಮನ ಹಸುವೂ ನಾನು ಮಾರಿದ ಕ್ಯಾಮೆರಾವೂ

ಸೈನ್ಯಕ್ಕೆ ಕ್ಯಾಮೆರಾ ಮಾರುವ ಕಂಪನಿಯೊಂದರಲ್ಲಿ ನಾನು ಬಹಳ ವರ್ಷ ಇದ್ದೆ. ಕತ್ತಲಲ್ಲೂ ಮೈಯ ಬಿಸಿಯನ್ನು ಬೆಳ್ಳಗೆ ತೋರಿಸುವ ಕ್ಯಾಮೆರಾ ಅದು. ದೆಹಲಿಯ ಸಭೆಗಳಲ್ಲಿ ಪರದೆಯ ಮೇಲೆ ಬೆರಳಿಟ್ಟು, "ಇಲ್ಲಿ ತೆವಳುತ್ತಿರುವುದು ಮನುಷ್ಯ" ಎನ್ನುತ್ತಿದ್ದೆ. ಅಧಿಕಾರಿಗಳು ತಲೆಯಾಡಿಸುತ್ತಿದ್ದರು. ಆ ಬಿಳಿ ಮಚ್ಚೆಗೆ ಮುಂದೇನಾಯಿತೆಂದು ನಾನು ಕೇಳಿದವಳಲ್ಲ.

ಆಮೇಲೆ ಸರ್ಕಾರದ ನೀತಿ ಸಮಿತಿಗೆ ಸಲಹೆಗಾರಳಾಗಿ ಹೋದೆ. ಇಂಥ ಕ್ಯಾಮೆರಾಗಳನ್ನು ಕಾಡಂಚಿನ ಊರುಗಳ ಕಾವಲಿಗೂ ಕೊಡಬಹುದು ಎಂಬ ಒಂದು ಸಾಲನ್ನು ಅಲ್ಲಿ ಹಟ ಹಿಡಿದು ಸೇರಿಸಿದೆ. ಅದರಿಂದಾಗಿ ಕಳೆದ ವರ್ಷ ಎಚ್.ಡಿ. ಕೋಟೆ ಕಡೆಯ ಒಂದು ಊರಿನಲ್ಲಿ, ಅಂಥ ಕ್ಯಾಮೆರಾ ಹೊತ್ತು ಆನೆಗಳನ್ನು ಪತ್ತೆ ಮಾಡುವ ಡ್ರೋನ್‌ನ ಪ್ರಯೋಗ ನಡೆಯಿತು. ನೋಡಲು ಹೋದವಳು ಚಿಕ್ಕಮ್ಮನ ಮನೆಯಲ್ಲೇ ಉಳಿದೆ. ಹಂಪಾಪುರದಲ್ಲಿ ಹುಟ್ಟಿದ ಅವರನ್ನು ಕೊಟ್ಟಿದ್ದು ಕಾಡಂಚಿನ ಆ ಊರಿಗೆ.

ನಾನು ಹೋದ ಸಂಜೆ ಅವರ ಚೊಚ್ಚಲು ಗಬ್ಬದ ಹಸು ಮೇಯಲು ಹೋದದ್ದು ಮರಳಲಿಲ್ಲ. ಆ ವಾರವೇ ಲಂಟಾನ ಪೊದೆಗಳ ಬಳಿ ಚಿರತೆಯ ಹೆಜ್ಜೆ ಕಂಡಿತ್ತು. ಚಿಕ್ಕಮ್ಮ ಊಟ ಮುಟ್ಟಲಿಲ್ಲ.

ಬೆಳಕು ಹರಿಯುವ ಮುಂಚೆ ಎಲ್ಲರೂ ಹೊಲದ ಬದುವಿನಲ್ಲಿ ನಿಂತೆವು. ಡ್ರೋನ್ ಹಾರಿಸುವ ಎಂಜಿನಿಯರ್ ಸಜ್ಜಾಗುತ್ತಿದ್ದರು. ಚಿಕ್ಕಮ್ಮನ ಮಗ ಕುಡುಗೋಲು ಹಿಡಿದಿದ್ದ.

"ಅಕ್ಕ, ನಾ ನುಗ್ಗಿ ನೋಡ್ಕಂಡ್ ಬತ್ತೀನಿ ಬುಡು."

"ಆಮೇಕೆ ನಿನ್ನ ಯಾರ್ಲಾ ಉಡ್ಕದು? ತೆಪ್ಪಗ್ ನಿಂತ್ಕೊ," ಎಂದರು ಚಿಕ್ಕಮ್ಮ.

ಡ್ರೋನ್ ಪೊದೆಗಳಾಚೆಯ ಬಯಲಿನ ಮೇಲೆ ನಿಂತಿತು. ಪರದೆಯಲ್ಲಿ ದೊಡ್ಡದೊಂದು ಬಿಳಿ ಆಕಾರ ಅಲುಗದೆ ನಿಂತಿತ್ತು. ಅದರ ಹಿಂದೆ, ನೆಲಕ್ಕೆ ಅಂಟಿಕೊಂಡಂತೆ, ಇನ್ನೊಂದು ಚಿಕ್ಕದು. ಹೊಂಚು ಹಾಕಿದ ಮೈ ಹೀಗೇ ಕಾಣುತ್ತದೆಂದು ನಾನೇ ಎಷ್ಟೋ ಜನಕ್ಕೆ ತೋರಿಸಿಕೊಟ್ಟಿದ್ದೆ.

"ಅದೇನವ್ವ, ಚಿಕ್ಕದು?"

"ಇರಿ ಚಿಕ್ಕಮ್ಮ," ಎಂದೆ.

ಚಿಕ್ಕ ಆಕಾರ ಅಲುಗಿತು. ಮೊದಲು ಹಿಂಭಾಗ ಮೇಲೆದ್ದಿತು, ಕುಸಿಯಿತು. ಮತ್ತೆ ಎದ್ದಿತು. ಈ ಸಲ ನಾಲ್ಕೂ ಕಾಲ ಮೇಲೆ ನಿಂತು, ತೂರಾಡುತ್ತ ಹೋಗಿ ದೊಡ್ಡದರ ಹೊಟ್ಟೆಯ ಕೆಳಗೆ ಸೇರಿಕೊಂಡಿತು.

ಬೆನ್ನ ಮೇಲೆ ಪಟ್ಟನೆ ಏಟು ಬಿತ್ತು. "ಕರ ಕಣವ್ವ! ಕರ ಆಕದೆ!" ಚಿಕ್ಕಮ್ಮ ನಗುತ್ತಿದ್ದರು, ಕಣ್ಣಲ್ಲಿ ನೀರು. ನನ್ನ ಕಣ್ಣಲ್ಲೂ.

ಎಂಜಿನಿಯರ್ ಸುತ್ತಲೂ ಡ್ರೋನ್ ತಿರುಗಿಸಿ, ಬೇರೆ ಯಾವ ಪ್ರಾಣಿಯೂ ಇಲ್ಲವೆಂದ ಮೇಲೆ ನಾವು ಪೊದೆ ದಾಟಿ ಹೋದೆವು. ಕರು ಕೆಂದು ಬಣ್ಣದ್ದು, ಹಣೆಯಲ್ಲಿ ಬಿಳಿ ಚುಕ್ಕೆ. ತಮ್ಮ ಅದನ್ನು ಹೆಗಲಿಗೇರಿಸಿಕೊಂಡ. ಹಸು ಅವನ ಬೆನ್ನು ನೆಕ್ಕುತ್ತ ಮನೆವರೆಗೂ ಬಂತು.

ಗಿಣ್ಣು ಬಡಿಸುವಾಗ ಚಿಕ್ಕಮ್ಮ ಹೇಳಿದರು: "ಡೆಲ್ಲೀಲಿ ನೀ ಏನ್ ಕೆಲ್ಸ ಮಾಡ್ತೀಯಾ ಅಂತ ಜನ ಕೇಳೋರು. ನಂಗೆ ಬಾಯೇ ಬರ್ತಿರ್ನಿಲ್ಲ. ಇನ್ಮೇಕೆ ಹೇಳ್ತೀನಿ ಬುಡು, ನಮ್ ಉಡ್ಗಿ ಹಸ ಉಡ್ಕೋ ಕ್ಯಾಮೆರಾ ಮಾರ್ತಿದ್ಲು ಅಂತ."

"ಹಂಗೇ ಹೇಳಿ ಚಿಕ್ಕಮ್ಮ," ಎಂದು ಇನ್ನೊಂದು ತುಂಡು ಗಿಣ್ಣಿಗೆ ತಟ್ಟೆ ಒಡ್ಡಿದೆ.