ಹಡಗುಮಾವನ ಕರವಸ್ತ್ರ
ಓಣಿಯವರೆಲ್ಲ ಹಡಗುಮಾವ ಎಂದು ಕರೆಯುವ ಈ ಮನುಷ್ಯ ಹಡಗು ಹತ್ತಿದ್ದು ಜೀವಮಾನದಲ್ಲಿ ಒಂದೇ ಸಲವಾದರೂ, ಅಲ್ಲಿನ ರೀತಿರಿವಾಜುಗಳನ್ನೆಲ್ಲ ಅರೆದು ಕುಡಿದವರ ಹಾಗೆ ಮಾತಾಡುತ್ತಾರೆ: ಹಡಗಿನಲ್ಲಿ ಶಿಳ್ಳೆ ಹಾಕಿದರೆ ಬಿರುಗಾಳಿ ಏಳುತ್ತದಂತೆ, ಕೋಟು ಹಾಕದೆ ಕಪ್ತಾನನ ಜೊತೆ ಊಟಕ್ಕೆ ಕೂರುವಂತಿಲ್ಲವಂತೆ. "ನೀವೇನು ತಿಂದ್ರಿ ಮಾವ?" ಎಂದರೆ, "ನಾನೆಲ್ಲಿ ತಿಂದೆ? ಕೋಟು ಹಾಕ್ಕೊಂಡು ಬಕೆಟ್ ತಬ್ಕೊಂಡಿದ್ದೆ" ಎಂದು ತಾವೇ ಮೊದಲು ನಗುತ್ತಾರೆ. ಆದರೂ ಪ್ರವಾಸದ ಹಡಗು ಹೊರಡುವ ದಿನ ಇಸ್ತ್ರಿ ಮಾಡಿದ ಕರವಸ್ತ್ರ ಹಿಡಿದು ಬಂದರಿಗೆ ಓಡಿ, ತೋಳು ಸೋಲುವವರೆಗೂ ಬೀಸುತ್ತಾರೆ. "ಅದ್ರಲ್ಲಿ ನಿಮ್ಮೋರು ಯಾರ್ರೀ ಇದಾರೆ?" ಎಂದು ಹೆಂಡತಿ ಒಮ್ಮೆ ರೇಗಿದಾಗ, ಮಾವ ಕರವಸ್ತ್ರ ಮಡಿಸುತ್ತ ಹೇಳಿದರು: "ಹಡಗು ಬಿಡುವಾಗ ಎಲ್ರೂ ದಡಕ್ಕೆ ಕೈ ಬೀಸೋದು ಪದ್ಧತಿ ಕಣೇ. ಅವತ್ತು ನನ್ನ ಕಳ್ಸೋಕೆ ಯಾರೂ ಬಂದಿರ್ಲಿಲ್ಲ. ಲೈಟುಕಂಬಕ್ಕೆ ಬೀಸಿದ್ದೆ."