ಜೋಡಿಗೂಡಿನ ಬಾಸಿಂಗ

ನಮ್ಮ ಮನೆತನದಲ್ಲಿ ಯಾವ ಮದುವೆ ನಡೆದರೂ, ಎರಡನೆಯ ಪಂಕ್ತಿ ಎದ್ದ ಮೇಲೆ ಯಾರಾದರೊಬ್ಬರು ಎಲೆ ಅಡಿಕೆ ಹಾಕಿಕೊಳ್ಳುತ್ತ ಚಿಟ್ಟೆಯ ಮದುವೆಯ ಕಥೆ ತೆಗೆಯುತ್ತಾರೆ. ತೆಗೆಯಲಿ, ನನ್ನ ಅಭ್ಯಂತರವಿಲ್ಲ. ಆದರೆ ಹೇಳುವವರಲ್ಲಿ ಮುಕ್ಕಾಲು ಪಾಲು ಜನ ಆಗ ಹುಟ್ಟಿರಲಿಲ್ಲ. ಉಳಿದವರು ಮುಹೂರ್ತದ ಹೊತ್ತಿನಲ್ಲಿ ಹಿತ್ತಿಲಲ್ಲಿ ಬಾಳೆಲೆ ತೊಳೆಯುತ್ತಿದ್ದರು. ಹೀಗಾಗಿ ಆ ಮದುವೆಯ ಬಾಸಿಂಗವನ್ನು ಮಾಡಿದವರು ನಮ್ಮ ದೊಡ್ಡಮ್ಮ ಎಂಬ ಸುಳ್ಳು ಮುಳಬಾಗಿಲಿನಿಂದ ಮಾಲೂರಿನವರೆಗೆ ಹಬ್ಬಿ ನೆಲೆಯೂರಿದೆ. ದೊಡ್ಡಮ್ಮ ಮಾಡಿದ್ದು ಸಂಡಿಗೆ. ಬಾಸಿಂಗ ಮಾಡಿದವಳು ನಾನು. ಆಗ ನನಗೆ ಹನ್ನೊಂದು ವರ್ಷ.

ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ.

ಯುದ್ಧದ ಕಾಲ. ನನ್ನ ತಂದೆಯ ಕೊನೆಯ ತಂಗಿ, ನಮ್ಮ ಅತ್ತೆ, ಮಾಲೂರಿನ ಹತ್ತಿರದ ಒಂದು ಹಳ್ಳಿಯ ಮನೆಗೆ ನಿಶ್ಚಯವಾಗಿದ್ದರು. ಆ ಮನೆಯವರು ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುವವರು. ಮದುಮಕ್ಕಳ ಹಣೆಗೆ ಕಟ್ಟುವ ಬಾಸಿಂಗವನ್ನು ಕೋಲಾರದ ಒಂದು ಅಂಗಡಿಯಿಂದ ತರುವುದು ನಮ್ಮ ಮನೆಯ ರೂಢಿ. ಇದ್ದಿಲಿನ ಬಸ್ಸು ಹತ್ತಿ, ಎರಡು ಕಡೆ ಇಳಿದು ತಳ್ಳಿ, ಅಪ್ಪನೂ ನಾನೂ ಅಲ್ಲಿಗೆ ಹೋದೆವು. ಅಂಗಡಿಯವನು ಬಾಸಿಂಗವೆಂದು ತೆಗೆದು ತೋರಿಸಿದ್ದು ನಾಲ್ಕು ವರ್ಷ ಹೊಗೆ ಕುಡಿದ ಬೆಂಡಿನ ತುಂಡು.

"ಮಿನುಗೋ ಬೇಗಡೆ ಹಾಳೆ ಬರ್ತಾ ಇಲ್ಲ ಸ್ವಾಮಿ. ಎಲ್ಲಾ ಸಮುದ್ರದಾಚೆಯಿಂದ ಬರಬೇಕು. ಬಣ್ಣದ ಕಾಗದಾನೂ ಇಲ್ಲ. ಈ ವರ್ಷ ಮದುವೆ ಆಗೋರೆಲ್ಲ ಇದನ್ನೇ ಕಟ್ಟಿಕೊಳ್ತಾ ಇದಾರೆ."

"ಇದನ್ನಾ? ಒಂದನ್ನೇ ಎಲ್ಲರೂ ಕಟ್ಟಿಕೊಂಡ ಹಾಗಿದೆ," ಎಂದೆ.

ಅಂಗಡಿಯವನು ನನ್ನನ್ನು ನೋಡದೆ ಅಪ್ಪನಿಗೆ, "ಹುಡುಗಿಗೆ ನಾಲಿಗೆ ಉದ್ದ," ಎಂದ. ಇದೂ ನನ್ನ ನೆನಪಿನಲ್ಲಿದೆ. ಅಪ್ಪ ಬರಿಗೈಯಲ್ಲಿ ಎದ್ದರು. ಬಸ್ಸಿನಲ್ಲಿ ಬರುವಾಗ ನಾನೇ ಮಾಡುತ್ತೇನೆ ಎಂದೆ. ಅಪ್ಪ ಕಿಟಕಿಯಾಚೆ ನೋಡುತ್ತ, "ಹೂಂ," ಎಂದರು. ಆ ಹೂಂಕಾರವನ್ನು ನಾನು ಒಪ್ಪಿಗೆಯೆಂದೇ ತೆಗೆದುಕೊಂಡೆ. ಮನೆಗೆ ಬಂದು ಹಾಗೆಂದೇ ಸಾರಿದೆ.

ನನ್ನ ಬಳಿ ಒಂದು ಬಿಸ್ಕತ್ತಿನ ಡಬ್ಬಿಯಿತ್ತು. ಹರಿದ ಗಾಳಿಪಟದ ಕಾಗದ, ಸಿಗರೇಟು ಪೊಟ್ಟಣದೊಳಗಿನ ಬೆಳ್ಳಿ ಹಾಳೆ, ಜೀರ್ಣವಾದ ಸೀರೆಯ ಸರಿಗೆ, ತಾವಾಗಿ ಸತ್ತ ಜೀರ್ಜಿಂಬೆಗಳ ಹಸಿರು ರೆಕ್ಕೆ ಎಲ್ಲವೂ ಅದರಲ್ಲಿ ಬೇರೆ ಬೇರೆ ಪೊಟ್ಟಣಗಳಲ್ಲಿದ್ದವು. ಪ್ರತಿ ಪೊಟ್ಟಣದ ಮೇಲೂ ಒಳಗೇನಿದೆಯೆಂದು ಬರೆದಿದ್ದೆ. ಶ್ರೀನಿವಾಸಪುರದಿಂದ ನಮ್ಮ ಮನೆಗೆ ಸೊಸೆಯಾಗಿ ಬಂದಿದ್ದ ದೊಡ್ಡಮ್ಮ, ಕೋಪ ಬಂದರೆ ತೆಲುಗಿಗೆ ಹೊರಳುವವರು, ಆ ಡಬ್ಬಿಗೆ "ಚೆತ್ತ" ಎಂದು ಹೆಸರಿಟ್ಟಿದ್ದರು. ಚೆತ್ತವೆಂದರೆ ಕಸ.

"ಏಮೇ, ಆ ಚೆತ್ತ ತಗೊಂಡು ಮದುಮಗಳ ಹಣೆಗೆ ಕಟ್ತೀಯಾ? ಗಂಡಿನ ಕಡೆಯೋರು ಎದ್ದು ಹೋಗ್ತಾರೆ, ಅಷ್ಟೇ!" ಎಂದರು ದೊಡ್ಡಮ್ಮ.

ಹೂ ಕಟ್ಟುತ್ತಿದ್ದ ಅತ್ತೆ ತಲೆಯೆತ್ತದೆ ಹೇಳಿದರು: "ಹಣೆ ನನ್ನದು ಅತ್ತಿಗೆ. ಅವಳು ಮಾಡಲಿ."

"ಮಾಡಲಿ. ಮುಹೂರ್ತದ ಹಿಂದಿನ ದಿನ ನಾನು ನೋಡ್ತೀನಿ. ಚೆನ್ನಾಗಿಲ್ದೇ ಇದ್ರೆ ಕನಕಾಂಬರದ ದಂಡೆ ಕಟ್ತೀನಿ. ಆಮೇಲೆ ಅಳಬಾರದು."

ಹೀಗೆ ನನ್ನ ಮಾನ ಆ ಎರಡು ಬಾಸಿಂಗಗಳ ಮೇಲೆ ನಿಂತಿತು.

ಆಕಾರ ಎಲ್ಲಿಂದ ಬಂತೆಂದು ಹೇಳಬೇಕು. ನಿಶ್ಚಿತಾರ್ಥಕ್ಕೆಂದು ಮಾಲೂರಿನ ಕಡೆ ಹೋಗಿದ್ದಾಗ, ಹಿಂದಿರುಗುವ ದಾರಿಯಲ್ಲಿ ಶಿಲ್ಪಿಗಳ ಊರಾದ ಶಿವಾರಪಟ್ಟಣದಲ್ಲಿ ಗಾಡಿ ನಿಲ್ಲಿಸಿದ್ದರು. ಅಲ್ಲೊಂದು ಚಪ್ಪರದ ಕೆಳಗೆ ಮುಖವಿನ್ನೂ ಮೂಡದ ಒಂದು ಕಲ್ಲಿನ ಮೂರ್ತಿಗೆ ಕಿರೀಟ ಮಾತ್ರ ಪೂರ್ತಿಯಾಗಿತ್ತು. ಕಣ್ಣು, ಮೂಗು, ಬಾಯಿ ಯಾವುದೂ ಇಲ್ಲದೆಯೇ ಅದು ದೇವರಾಗಿಬಿಟ್ಟಿತ್ತು. ಎಲ್ಲ ಕೆಲಸವನ್ನೂ ಮಾಡಿದ್ದು ಆ ಕಿರೀಟದ ಬಾಗು ಎಂದು ನನಗೆ ಹೊಳೆಯಿತು. ಬೆರಳಿನಿಂದ ಆ ಬಾಗನ್ನು ಅಳೆಯಲು ಹೋದರೆ ಶಿಲ್ಪಿ, "ಮೂಗು ಮುಟ್ಟಬೇಡ ಮಗು," ಎಂದು ಗದರಿದರು. ನಾನು ಮೂಗಿನ ಹತ್ತಿರಕ್ಕೂ ಹೋಗಿರಲಿಲ್ಲ. ಅಲ್ಲದೆ ಅದಕ್ಕೆ ಮೂಗೇ ಇರಲಿಲ್ಲ.

ಅದೇ ಬಾಗನ್ನು ಹಳೆಯ ಪುಸ್ತಕವೊಂದರ ರಟ್ಟಿನ ಮೇಲೆ ಬರೆದು ಕತ್ತರಿಸಿದೆ. ಹುಣಸೆಬೀಜ ಹುರಿದು, ಸಿಪ್ಪೆ ತೆಗೆದು, ನೆನೆಹಾಕಿ, ರುಬ್ಬಿ, ಕುದಿಸಿ, ಹುಳು ಹಿಡಿಯದಿರಲೆಂದು ಚಿಟಿಕೆ ಮೈಲುತುತ್ತ ಹಾಕಿ ಅಂಟು ಮಾಡಿದೆ. ಕುದಿಸಿದ್ದು ಒಡೆದ ಮಡಕೆಯಲ್ಲಿ. ರುಬ್ಬಿದ ಒರಳನ್ನು ಮೂರು ಸಲ ತೊಳೆದೆ. ನಾಲ್ಕನೆಯ ಸಲ ದೊಡ್ಡಮ್ಮ ತೊಳೆದು, ನಾನು ತೊಳೆಯಲೇ ಇಲ್ಲವೆಂದು ನೆರೆಮನೆಗೂ ಕೇಳುವಂತೆ ಹೇಳಿದರು.

ರಟ್ಟಿನ ಮೇಲೆ ಬೆಳ್ಳಿ ಹಾಳೆ ಬಂತು, ಅಂಚಿಗೆ ಸರಿಗೆ ಬಂತು, ಜೀರ್ಜಿಂಬೆಯ ರೆಕ್ಕೆಗಳು ಪಚ್ಚೆಗಳಂತೆ ಕೂತವು. ಆದರೂ ಅದು ಸತ್ತ ಹಾಗಿತ್ತು. ಮಿನುಗುವುದೇನೋ ಮಿನುಗುತ್ತಿತ್ತು, ನೋಡಿದವರ ಕಣ್ಣು ನಿಲ್ಲಲು ನಡುವೆ ಒಂದು ಜಾಗವಿರಲಿಲ್ಲ. ಎರಡು ದಿನ ಅದನ್ನು ಗೋಡೆಗೊರಗಿಸಿ ಎದುರಿಗೆ ಕೂತು ನೋಡಿದೆ. ದೊಡ್ಡಮ್ಮ ಹಾದುಹೋಗುವಾಗಲೆಲ್ಲ, "ಕನಕಾಂಬರ ಹೇಳಿಬಿಡ್ಲಾ?" ಎನ್ನುತ್ತಿದ್ದರು.

ಮೂರನೆಯ ದಿನ ನಮ್ಮ ಹಿಂದಿನ ಬೀದಿಯ ಸಾಬರ ತಾತನ ಮನೆಗೆ ಹೋದೆ. ಅವರು ರೇಷ್ಮೆಗೂಡನ್ನು ಕುದಿನೀರಿಗೆ ಹಾಕಿ ನೂಲು ತೆಗೆಯುವವರು. ಚಿಟ್ಟೆ ತೂತು ಮಾಡಿ ಹಾರಿಹೋದ ಖಾಲಿ ಗೂಡುಗಳನ್ನು ನನಗೆ ಕೊಡುತ್ತಿದ್ದರು. ಅವನ್ನು ಕತ್ತರಿಸಿದರೆ ಹೂವಿನ ಎಸಳಾಗುತ್ತದೆ. ಆ ದಿನ ಅವರು ಹೊಸ ಗೂಡು ಆರಿಸುತ್ತಿದ್ದರು. ತಿಳಿಹಳದಿಗೆ ಒಂದು ತೊಟ್ಟು ಹಸಿರು ಬೆರೆತ ಬಣ್ಣ. ಅವುಗಳಲ್ಲಿ ದಪ್ಪನೆಯ, ದುಂಡಗಿನ ಒಂದನ್ನು ಎತ್ತಿ ಪಕ್ಕಕ್ಕೆ ಎಸೆದರು.

"ಅದ್ಯಾಕೆ ತಾತ?"

"ಜೋಡಿಗೂಡು ಬೇಟಿ. ಎರಡು ಹುಳ ಸೇರ್ಕೊಂಡು ಒಂದೇ ಮನೆ ಕಟ್ಕೊಂಡವೆ. ಇವರ ನೂಲು ಅವರದ್ದಕ್ಕೆ ಸಿಕ್ಕು, ಅವರದ್ದು ಇವರದ್ದಕ್ಕೆ ಸಿಕ್ಕು. ನನಗೆ ಉಪಯೋಗ ಇಲ್ಲ."

ಎರಡು ಜೀವ, ಒಂದು ಮನೆ, ಬಿಡಿಸಲಾಗದ ಸಿಕ್ಕು. ಮದುವೆಯ ಬಾಸಿಂಗದ ನಡುವೆ ಇನ್ನೇನಿರಬೇಕು? ಅದನ್ನು ಎತ್ತಿಕೊಂಡು ಓಡುವಷ್ಟರಲ್ಲಿ ತಾತ ಕೂಗಿದರು: "ನಿಲ್ಲು, ನಿಲ್ಲು! ಮೂರು ದಿನ ಸುಡು ಬಿಸಿಲಲ್ಲಿ ಇಡ್ಬೇಕು. ಇಲ್ಲಾಂದ್ರೆ ಚಿಟ್ಟೆ ಆಗಿ ತೂತು ಮಾಡ್ಕೊಂಡು ಬರ್ತವೆ. ಆಮೇಲೆ ನನ್ನ ಕೇಳಬಾರ್ದು!"

ನಾನು ಮೂರು ದಿನವೂ ಇಟ್ಟೆ. ಇದನ್ನು ದಯವಿಟ್ಟು ಗಮನಿಸಬೇಕು. ಬೆಳಿಗ್ಗೆ ಶಾಲೆಗೆ ಹೋಗುವ ಮೊದಲು ಮೊರದಲ್ಲಿಟ್ಟು ಮಾಳಿಗೆಯ ನಟ್ಟನಡುವೆ, ಯಾವ ನೆರಳೂ ಸುಳಿಯದ ಜಾಗದಲ್ಲಿ ಇಡುತ್ತಿದ್ದೆ. ಸಂಜೆ ಬಂದು ಇಳಿಸುತ್ತಿದ್ದೆ. ಸಂಜೆ ಮೊರ ಇಟ್ಟಲ್ಲೇ ಇರುತ್ತಿದ್ದುದರಿಂದ ನನಗೆ ಅನುಮಾನ ಬರಲಿಲ್ಲ. ಮೂರನೆಯ ದಿನ ಶಾಲೆ ಮಧ್ಯಾಹ್ನವೇ ಬಿಟ್ಟಿತು. ಮಾಳಿಗೆ ಹತ್ತಿ ನೋಡಿದರೆ, ನನ್ನ ಜಾಗದಲ್ಲಿ ಒದ್ದೆ ಪಂಚೆ ಹಾಸಿ, ಅದರ ತುಂಬ ಅರಳಿನ ಸಂಡಿಗೆ ಇಟ್ಟಿತ್ತು. ನನ್ನ ಮೊರ ಮೂಲೆಯಲ್ಲಿ, ಗೋಡೆಯ ತಣ್ಣೆಳಲಿನಲ್ಲಿ, ಹಸುಗೂಸನ್ನು ಮಲಗಿಸಿದ ಹಾಗಿತ್ತು.

ಇಳಿದು ಬಂದು ಕೇಳಿದೆ. "ದೊಡ್ಡಮ್ಮ, ನನ್ನ ಮೊರ ಸರಿಸಿದ್ದು ನೀವಾ?"

"ನಾನ್ಯಾಕೆ ಮುಟ್ಟಲಿ ನಿನ್ನ ಚೆತ್ತಾನ? ಗಾಳಿಗೆ ಸರಿದಿರ್ಬೇಕು."

"ಹತ್ತು ಮಾರು ದೂರಾನಾ?"

"ಜೋರು ಗಾಳಿ."

"ಮೂಲೇಲಿ ಮೊರ ಹಾರದ ಹಾಗೆ ಮೇಲೆ ಯಾರೋ ಕಲ್ಲು ಇಟ್ಟಿದಾರೆ ದೊಡ್ಡಮ್ಮ. ಅದೂ ಗಾಳೀನಾ?"

ದೊಡ್ಡಮ್ಮ ಸೌಟು ತೋರಿಸಿದರು. "ಇವತ್ತೊಂದು ದಿನ ಸರಿದಿರ್ಬಹುದು, ಅದಕ್ಕೆ ಇಷ್ಟು ರಂಪ! ಹೋಗು, ಹೋಗು!"

ಒಂದು ದಿನವೆಂಬ ಮಾತನ್ನು ನಾನು ನಂಬಿದೆ. ಇನ್ನೊಂದು ದಿನ ಇಡೋಣವೆಂದರೆ ಮರುದಿನ ಮೋಡ ಕವಿದು ಹನಿಯೂ ಬಿತ್ತು. ಮದುವೆಗೆ ನಾಲ್ಕೇ ದಿನ ಉಳಿದಿತ್ತು. ಜೋಡಿಗೂಡನ್ನು ಹೆಣ್ಣಿನ ಬಾಸಿಂಗದ ನಡುವೆ ಅಂಟಿಸಿ, ಸುತ್ತಲೂ ಖಾಲಿ ಗೂಡಿನ ಎಸಳು ಜೋಡಿಸಿದೆ. ಗಂಡಿನದಕ್ಕೆ ಎಸಳಿನ ಹೂವಷ್ಟೇ. ಬಾಸಿಂಗ ಥಟ್ಟನೆ ಜೀವ ತಳೆಯಿತು. ಆ ಮಾತು ಎಷ್ಟು ನಿಜವಾಗಿತ್ತೆಂದು ಆಗ ನನಗೆ ತಿಳಿದಿರಲಿಲ್ಲ.

ಹಿಂದಿನ ದಿನದ ಪರೀಕ್ಷೆಯಲ್ಲಿ ದೊಡ್ಡಮ್ಮ ಅದನ್ನು ತಿರುವಿ ಮುರುವಿ, ಮೂಸಿ ನೋಡಿದರು. ಹಿಡಿದು ತೋರಿಸಲು ಏನೂ ಸಿಗಲಿಲ್ಲ. "ಅಂಟಿನ ವಾಸನೆ," ಎಂದರು. ಅಜ್ಜಿ ಅದನ್ನು ಅವರ ಕೈಯಿಂದ ತೆಗೆದುಕೊಂಡು ದೇವರ ಮುಂದಿಟ್ಟರು. ಅಷ್ಟರಿಂದ ನಾನು ಗೆದ್ದೆನೆಂದುಕೊಂಡೆ.

ಮುಹೂರ್ತ ಬೆಳಗಿನ ಹೊತ್ತು. ಚಪ್ಪರದ ಕೆಳಗೆ ಅಂತರಪಟ ಹಿಡಿದಿದ್ದರು. ಈಚೆಗೆ ಅತ್ತೆ, ಆಚೆಗೆ ಮದುಮಗ. ನಾನು ಜೀರಿಗೆ ಬೆಲ್ಲದ ತಟ್ಟೆ ಹಿಡಿದು ಅತ್ತೆಯ ಪಕ್ಕದಲ್ಲೇ ನಿಂತಿದ್ದೆ. ಮಂಗಳಾಷ್ಟಕ ಅರ್ಧಕ್ಕೆ ಬಂದಿತ್ತು. ಜೋಡಿಗೂಡಿನ ತುದಿಯಲ್ಲಿ ಒಂದು ಒದ್ದೆ ಚುಕ್ಕೆ ಕಂಡಿತು. ಬೆವರಿರಬೇಕೆಂದುಕೊಂಡೆ. ಚುಕ್ಕೆ ದೊಡ್ಡದಾಯಿತು. ಚುಕ್ಕೆಯ ನಡುವೆ ಏನೋ ಅಲುಗಾಡಿತು. ನನ್ನ ಕೈಯ ತಟ್ಟೆ ತಾನಾಗಿ ವಾಲಿ, ಜೀರಿಗೆ ಪುರೋಹಿತರ ಪಾದದ ಮೇಲೆ ಸುರಿಯತೊಡಗಿತು. ಪುರೋಹಿತರು ಮಂತ್ರ ನಿಲ್ಲಿಸದೆ ಕಣ್ಣಿನಲ್ಲೇ ನನ್ನನ್ನು ಬೈದರು.

ಅಂತರಪಟ ಸರಿಯಿತು. ಮದುಮಗ ಮದುಮಗಳ ಮುಖ ನೋಡಬೇಕಾದ ಕ್ಷಣ. ಅವರು ನೋಡಿದ್ದು ಹಣೆಯನ್ನು. ಅಲ್ಲಿ ಗೂಡಿನಿಂದ ಅರ್ಧ ಹೊರಬಂದ, ಮುದುಡಿದ ರೆಕ್ಕೆಯ ಬಿಳಿ ಚಿಟ್ಟೆಯೊಂದು ಅವರನ್ನೇ ನೋಡುತ್ತಿತ್ತು. ಅವರು ಬಾಗಿ ಮೆಲ್ಲಗೆ ಏನೋ ಕೇಳಿದರು. ಅತ್ತೆಯ ತುಟಿ ಅಲುಗಿತು. ಮದುಮಗನ ಭುಜಗಳು ಕುಲುಕತೊಡಗಿದವು. ತಲೆಯ ಮೇಲೆ ಹಾಕಬೇಕಾದ ಜೀರಿಗೆ ಬೆಲ್ಲ ಅತ್ತೆಯ ಕಿವಿಯೊಳಗೆ ಬಿತ್ತು.

ಅಷ್ಟರಲ್ಲಿ ದೊಡ್ಡಮ್ಮನ ಕಣ್ಣಿಗೆ ಬಿತ್ತು. "ಅಯ್ಯೋ, ಹುಳ! ಪುರುಗು! ಬೇಡ ಬೇಡ ಅಂತ ಬಡ್ಕೊಂಡೆ! ಮುಹೂರ್ತದಲ್ಲಿ ಹುಳ ಬಿಟ್ಟಳಲ್ಲೋ ಈ ಹುಡುಗಿ!"

ವಾದ್ಯ ನಿಂತಿತು. ಅಪ್ಪ ನನ್ನನ್ನು ನೋಡಿದ ನೋಟವನ್ನು ಬರೆಯುವುದಿಲ್ಲ. ನೆಲ ಬಿರಿದಿದ್ದರೆ ನಾನು ತಟ್ಟೆಯ ಸಮೇತ ಇಳಿದುಹೋಗುತ್ತಿದ್ದೆ. ಆಗ, ಮೊದಲನೆಯದರ ಹಿಂದೆಯೇ ನೂಕಿಕೊಂಡು, ಎರಡನೆಯ ಚಿಟ್ಟೆ ತಲೆ ಹಾಕಿತು.

ಗಂಡಿನ ತಾಯಿ ಎದ್ದು ಬಂದರು. ಎಳೆಯ ವಯಸ್ಸಿನಿಂದ ಹುಳು ಸಾಕಿದ ಹೆಂಗಸು. ಅತ್ತೆಯ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದರು. "ಜೋಡಿಗೂಡಾ ಇದು? ಎರಡೂ ಬಂದವಲ್ಲೇ, ನನ್ನಪ್ಪಾ! ಒಂದು ಬಂದ್ರೆ ಒಂದು ಒಳಗೇ ಸಾಯ್ತದೆ. ಎರಡೂ ನೆಟ್ಟಗೆ ಆಚೆ ಬಂದಿದ್ದನ್ನ ನಾನು ನೋಡೇ ಇರ್ಲಿಲ್ಲ. ಒಳ್ಳೇದಾಯ್ತು, ಬಾರಿಸ್ರೋ ವಾದ್ಯ! ಯಾರಮ್ಮಾ ಇದನ್ನ ಜೋಪಾನ ಮಾಡಿದ್ದು?"

ನಾನು ಬಾಯಿ ತೆರೆದೆ. ತೆರೆದಿದ್ದೆ ಎಂಬುದಕ್ಕೆ ಪಕ್ಕದಲ್ಲಿದ್ದ ಅಜ್ಜಿಯೇ ಸಾಕ್ಷಿ. ಆದರೆ ದೊಡ್ಡಮ್ಮ ನನಗಿಂತ ಮೊದಲಿದ್ದರು.

"ನಾನೇ ಕಣ್ರೀ. ಮಗು ಗೊತ್ತಿಲ್ದೆ ಬಿಸಿಲಿಗೆ ಇಡ್ತಿತ್ತು. ಮದುವೆ ಮನೇಲಿ ಜೀವ ತೆಗೀಬಾರ್ದು ಅಂತ ಮೂರು ದಿನಾನೂ ನಾನೇ ನೆರಳಿಗೆ ಎತ್ತಿಟ್ಟೆ."

ಮೂರು ದಿನಾನೂ! ಗಾಳಿ ಎಲ್ಲಿ ಹೋಯಿತು? ಸಂಡಿಗೆ ಎಲ್ಲಿ ಹೋಯಿತು? ನಾನು ಕೇಳಬೇಕೆಂದಿದ್ದ ತಪ್ಪೊಪ್ಪಿಗೆ ನೂರು ಜನರ ಮುಂದೆ, ಸ್ಪಷ್ಟವಾದ ಕನ್ನಡದಲ್ಲಿ ಬಂತು. ಅದಕ್ಕೆ ಗಂಡಿನ ತಾಯಿ ದೊಡ್ಡಮ್ಮನ ಮಡಿಲಿಗೆ ತೆಂಗಿನಕಾಯಿ, ಎಲೆ ಅಡಿಕೆ, ರವಿಕೆ ಕಣ ಹಾಕಿದರು. ನನ್ನ ಕೈಗೆ ಬಂದದ್ದು ಒಂದು ಬಾಳೆಹಣ್ಣು, ಅದೂ ಒಂದು ಕಡೆ ಕಪ್ಪಾಗಿತ್ತು. ಬಾಸಿಂಗ ಕತ್ತರಿಸಿದವರು ಯಾರು, ಅಂಟು ಕಾಯಿಸಿದವರು ಯಾರೆಂದು ಆ ದಿನ ಒಬ್ಬರೂ ಕೇಳಲಿಲ್ಲ. ಮರುದಿನ ಬಾಸಿಂಗವೂ ಅತ್ತೆಯ ಜೊತೆ ಹೊರಟುಹೋಯಿತು.

ಯುದ್ಧ ಮುಗಿದ ಮೇಲೆ, ನನಗೆ ಹದಿನೈದು ದಾಟಿದಾಗ, ಅತ್ತೆಯ ಮನೆಗೆ ಹೋಗುವ ಅವಕಾಶ ಬಂತು. ಮಾಲೂರಿನಲ್ಲಿ ರೈಲಿಳಿದು ಮಾವನ ಗಾಡಿ ಹತ್ತಿದೆ. ಮನೆಯ ನಡುಕಂಬದ ಮೇಲೆ ನನ್ನ ಬಾಸಿಂಗ ಕಟ್ಟಿತ್ತು. ಬೆಳ್ಳಿ ಹಾಳೆ ಕಂದಿತ್ತು. ಜೀರ್ಜಿಂಬೆಯ ರೆಕ್ಕೆ ಮಾತ್ರ ಹಾಗೆಯೇ ಹಸಿರಾಗಿತ್ತು. ಅಂಟು ಎಲ್ಲಿಯೂ ಬಿಟ್ಟಿರಲಿಲ್ಲ. ಅಂಚಿನ ಕಾಗದದ ಮೇಲೆ ಸಾಸಿವೆಗಿಂತ ಸಣ್ಣ ಮೊಟ್ಟೆಗಳ ಖಾಲಿ ಸಿಪ್ಪೆಗಳು ಒತ್ತೊತ್ತಾಗಿ ಕೂತಿದ್ದವು. ಆ ಚಿಟ್ಟೆಗಳೇ ಇಟ್ಟ ಮೊಟ್ಟೆಗಳು ಅವು. ಆ ಬಾಸಿಂಗದಲ್ಲಿ ನಾನು ಅಂಟಿಸದ ಅಲಂಕಾರ ಅದೊಂದೇ, ಮತ್ತು ಕೆಲಸ ಅಚ್ಚುಕಟ್ಟಾಗಿತ್ತೆಂದು ನಾನು ಒಪ್ಪುತ್ತೇನೆ.

"ಆ ಮೊಟ್ಟೆ ಒಡೆದು ಬಂದ ಹುಳಾನ ನಿಮ್ಮತ್ತೆ ಒಂದು ತಟ್ಟೇಲಿ ಬೇರೆ ಸಾಕಿದಳು," ಎಂದರು ಮಾವ. "ತವರಿನ ಹುಳ ಅಂತೆ!"

ಊಟಕ್ಕೆ ಕೂತಾಗ ತಟ್ಟೆಗೆ ಸಂಡಿಗೆ ಬಂತು. ನಾನು ಮುಟ್ಟಲಿಲ್ಲ. ಮಾವ ಅದನ್ನು ನೋಡಿ ನಗತೊಡಗಿದರು.

"ಅವತ್ತು ಅಂತರಪಟ ಸರಿದಾಗ ನಾನು ಇವಳನ್ನ ಏನು ಕೇಳಿದೆ ಗೊತ್ತಾ? ಗೂಡು ಬಿಸಿಲಿಗೆ ಹಾಕಿರ್ಲಿಲ್ವಾ ಅಂತ. ನಾನು ಇವಳ ಜೊತೆ ಆಡಿದ ಮೊದಲನೇ ಮಾತು ಅದು."

"ಅತ್ತೆ ಏನಂದ್ರು?" ಎಂದೆ.

"ನಮ್ಮ ಹುಡುಗಿ ಮೂರು ದಿನಾನೂ ಹಾಕಿದ್ಲು, ಅತ್ತಿಗೆ ಸಂಡಿಗೆಗೋಸ್ಕರ ಸರಿಸಿದ್ರು ಅಂದಳು. ತಾಳಿ ಕಟ್ಟೋಕೆ ಮುಂಚೆ! ಜೀರಿಗೆ ಬೆಲ್ಲ ಹಾಕೋ ಹೊತ್ತಲ್ಲಿ!"

ಅತ್ತೆ ಸಾರಿನ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಅವರ ಮುಖ ಕೆಂಪಾಗಿತ್ತು. ಆ ಮೂರು ದಿನವೂ ಅವರು ಮಾಳಿಗೆಯ ಮೆಟ್ಟಿಲ ಮೇಲೆ ಕೂತು ತಲೆ ಒಣಗಿಸಿಕೊಳ್ಳುತ್ತಿದ್ದರಂತೆ, ಎಲ್ಲವನ್ನೂ ಕಂಡಿದ್ದರಂತೆ. ಒಬ್ಬ ಹೆಣ್ಣುಮಗಳು ತನ್ನ ಗಂಡನಿಗೆ ಆಡಿದ ಮೊಟ್ಟಮೊದಲ ಮಾತು ನನ್ನ ಪರವಾಗಿ ಹೇಳಿದ ಸಾಕ್ಷ್ಯ. ಇಂಥ ಗೌರವ ಎಷ್ಟು ಜನಕ್ಕೆ ಸಿಕ್ಕಿದೆ? ನನ್ನ ಕಣ್ಣು ತುಂಬಿ ಬಂತು. ಆ ಸಂಡಿಗೆಯನ್ನು ಎತ್ತಿ ತಿಂದೆ. ಚೆನ್ನಾಗಿತ್ತು.

ಆದರೂ ಒಂದು ಮಾತನ್ನು ಅಲ್ಲಿಯೇ, ಆಗಲೇ, ಕೇಳಿಬಿಟ್ಟೆ. ಇಂದಿಗೂ ಅದಕ್ಕೆ ಸರಿಯಾದ ಉತ್ತರ ಬಂದಿಲ್ಲ.

"ಅಷ್ಟು ಮೆಲ್ಲಗೆ ಯಾಕೆ ಹೇಳಿದಿರಿ ಅತ್ತೆ? ವಾದ್ಯ ನಿಂತ ಮೇಲಾದ್ರೂ ಇನ್ನೊಂದ್ಸಲ ಗಟ್ಟಿಯಾಗಿ ಹೇಳಬಹುದಿತ್ತಲ್ಲ!"