ಟ್ಯಾಂಕಿನ ಮೇಲಿಂದ ಕಾಣುತ್ತಿದ್ದ ಮನೆ

ನಮ್ಮ ಬೀದಿಯ ತುದಿಯಲ್ಲಿ ಹೊಸ ನೀರಿನ ಟ್ಯಾಂಕ್ ಏಳುತ್ತಿದೆ. ಕಂಬಗಳಿಗೆ ಸುತ್ತಿದ ಒದ್ದೆ ಗೋಣಿಚೀಲದ ವಾಸನೆ ಹೊಳಲ್ಕೆರೆಯ ಈ ಬಿಸಿಲಿನಲ್ಲಿ ಮನೆಯೊಳಗೂ ಬರುತ್ತದೆ. ನಾನು ಟ್ಯಾಂಕ್ ಕಟ್ಟುವ ಕೂಲಿ ಕೆಲಸ ಬಿಟ್ಟು ಎಷ್ಟೋ ಕಾಲವಾಯಿತು. ಆದರೂ ಆ ವಾಸನೆ ಮೂಗಿಗೆ ಬಡಿದರೆ ಅಕ್ಕ ಕಣ್ಣ ಮುಂದೆ ಬಂದು ನಿಲ್ಲುತ್ತಾಳೆ...

ಒಡಹುಟ್ಟಿದ ಅಕ್ಕನಲ್ಲ. ಹೊಸದುರ್ಗದಿಂದ ಗಂಡನ ಜೊತೆ ನಮ್ಮ ಗ್ಯಾಂಗಿಗೆ ಬಂದವಳು. ಆದಿವಾಲದ ಪಕ್ಕದ ಊರಲ್ಲಿ ಟ್ಯಾಂಕ್ ಕಟ್ಟುವಾಗ ನಾವು ಹೆಂಗಸರು ಕಂಬಗಳ ಸುತ್ತ ಗಳು ಕಟ್ಟಿದ ಸಾರ್ವೆಯ ಮೇಲೆ ಸಾಲಾಗಿ ನಿಂತು ಕಾಂಕ್ರೀಟ್ ಬಾಣಲಿಯನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದೆವು. ಎಲ್ಲರಿಗಿಂತ ಮೇಲೆ ಅವಳು, ಅವಳ ಕೆಳಗೆ ನಾನು. ಆ ಜಾಗವನ್ನು ಅವಳೇ ಕೇಳಿ ಪಡೆದಿದ್ದಳು. ಅಲ್ಲಿಂದ ಆದಿವಾಲದ ಅವಳ ತವರುಮನೆ ಕಾಣುತ್ತಿತ್ತು. ಮನೆಯವರು ಒಪ್ಪದ ಮದುವೆ ಅವಳದು. ಹೊಸ್ತಿಲು ತುಳಿಯಬೇಡ ಎಂದು ಅಣ್ಣ ಹೇಳಿಬಿಟ್ಟಿದ್ದ. ಅವ್ವ ಬಟ್ಟೆ ಒಣಹಾಕಲು ಅಂಗಳಕ್ಕೆ ಬಂದರೆ ಅಕ್ಕನ ಕೈ ಒಂದು ಗಳಿಗೆ ನಿಲ್ಲುತ್ತಿತ್ತು.

ಟ್ಯಾಂಕಿನ ತಳಕ್ಕೆ ಕಾಂಕ್ರೀಟ್ ಹಾಕುವ ದಿನ. ಶುರು ಮಾಡಿದರೆ ಮುಗಿಯುವ ತನಕ ನಿಲ್ಲಿಸುವಂತಿಲ್ಲ. ಆ ಬೆಳಿಗ್ಗೆ ಅವಳ ತವರಿನ ಅಂಗಳದ ತುಂಬ ಜನ ಸೇರಿದ್ದರು.

"ನಿನ್ನ ಕಣ್ಣು ಚೆನ್ನಾಗವೆ, ನೋಡು. ನಮ್ಮವ್ವ ಕಾಣ್ತಾಳೇನು?" ಎಂದಳು ಅಕ್ಕ.

ಒಬ್ಬೊಬ್ಬರನ್ನೇ ಹುಡುಕಿದೆ. "ಇಲ್ಲ ಕಣಕ್ಕ" ಎಂದೆ.

ಕೈಯಲ್ಲಿದ್ದ ಬಾಣಲಿಯನ್ನು ತಳಕ್ಕೆ ಸುರಿದು ಇಳಿದುಬಿಟ್ಟಳು. ಮೇಸ್ತ್ರಿ ಬೈಯಲಿಲ್ಲ. ಅವಳ ಜಾಗಕ್ಕೆ ತಾನೇ ಹತ್ತಿ ನಿಂತ.

ಸಂಜೆ ಬಂದಳು. ಕೈಗೆ ಮೆತ್ತಿದ ಸಿಮೆಂಟ್ ಹಾಗೇ ಒಣಗಿತ್ತು. ಅಣ್ಣ ಬಾ ಅನ್ನಲಿಲ್ಲವಂತೆ, ಹೋಗು ಅಂತಲೂ ಅನ್ನಲಿಲ್ಲವಂತೆ. ನೆರೆಯವರ ಹಿಂದೆ ನಿಂತಿದ್ದು, ಕೊನೆಗೆ ಅವ್ವನ ಗುಂಡಿಗೆ ಒಂದು ಹಿಡಿ ಮಣ್ಣು ಹಾಕಿ ಬಂದಿದ್ದಳು.

ಮರುದಿನ ಕೆಳಗೇ ಕೂತು ಮರಳು ಜರಡಿ ಹಿಡಿದಳು. ಮೇಸ್ತ್ರಿ ಮೇಲೆ ಕರೆದಾಗ, "ಮ್ಯಾಲೆ ಇನ್ನೇನೈತ್ರಿ ನೋಡಾಕೆ" ಅಂದಳು. ಮತ್ತೆ ಹತ್ತಲಿಲ್ಲ. ಟ್ಯಾಂಕ್ ಮುಗಿಯಿತು, ಗ್ಯಾಂಗ್ ಚದುರಿತು. ಆಮೇಲೆ ಹಬ್ಬಕ್ಕೊಂದು ಫೋನು, ಅಷ್ಟೇ...

ಹೋದ ವಾರ ಅವಳ ನಂಬರಿನಿಂದ ಮಗಳು ಮಾತಾಡಿದಳು. "ಅವ್ವ ಹೋದ್ಲು ಚಿಕ್ಕವ್ವ. ತೌರಿನ ಸೀರೆ ಹೊದಿಸಾಕೆ ಯಾರೂ ಇಲ್ಲ. ನೀವು ಬರ್ರಿ."

ಪೇಟೆಯಲ್ಲಿ ಹಸಿರು ಸೀರೆಯೊಂದನ್ನು ಕೊಂಡು ಹೊಸದುರ್ಗದ ಬಸ್ ಹತ್ತಿದೆ. ಎಲ್ಲರೂ ಕಾಯುತ್ತಿದ್ದರು. ತವರಿನವರು ಬಂದರು ಎಂದು ಯಾರೋ ಹೇಳಿದರು, ಜನ ದಾರಿ ಬಿಟ್ಟರು. ನನ್ನ ಹೆಸರನ್ನು ಯಾರೂ ಕೇಳಲಿಲ್ಲ. ಸೀರೆ ಹೊದಿಸಿ, ಸೆರಗನ್ನು ಅವಳ ಗಲ್ಲದವರೆಗೆ ಎಳೆದೆ.

ಹೊಸದುರ್ಗದಿಂದ ಬಂದಾಗಿನಿಂದ ಬಾಗಿಲಲ್ಲಿ ಕೂತೇ ದಿನ ಕಳೆಯುತ್ತಿದ್ದೇನೆ. ಮುಂದಿನ ಹಬ್ಬಕ್ಕೆ ಆ ಮಗಳನ್ನು ಕರೆಯಬೇಕು. ನನ್ನ ಮನೆಯೇ ಈಗ ಅವಳವ್ವನ ತವರು.